ಬೇರೆಯವರ ಉಪ್ಪು

ಆ ವರ್ಷಗಳ ಹೊಸಪೇಟೆಯನ್ನು ನೆನೆದರೆ ಎಲ್ಲವೂ ಕೆಂಪಗೆ ಕಾಣುತ್ತದೆ. ರಸ್ತೆ, ಬೇವಿನ ಎಲೆ, ಚಹಾದಂಗಡಿಯ ಗಾಜಿನ ಭರಣಿ, ನಮ್ಮ ತಲೆಗೂದಲು. ಇದನ್ನು ನಾನು ನಂಬುವುದಿಲ್ಲ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಧೂಳು ಕೆಂಪಗಿತ್ತು, ನಿಜ. ಆದರೆ ಊರಿನ ಮಗ್ಗುಲಲ್ಲೇ ಕಾಲುವೆ ಹರಿಯುತ್ತಿತ್ತು, ಬಾಳೆ ತೋಟಗಳಿದ್ದವು, ಕಬ್ಬಿನ ಗದ್ದೆಗಳಿದ್ದವು. ನೆನಪು ಎಲ್ಲಿಂದಲೋ ಒಂದೇ ಡಬ್ಬಿ ಬಣ್ಣ ತಂದು ಎಲ್ಲದಕ್ಕೂ ಬಳಿದುಬಿಟ್ಟಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಾನು ಹೇಳಹೊರಟಿರುವ ಮನೆ ಬೆಳ್ಳಗಿತ್ತು. ಒಳಗೂ ಹೊರಗೂ ಹಸಿ ಸುಣ್ಣ. ಮುಟ್ಟಿದರೆ ಬೆರಳಿಗೆ ತಂಪು ಹತ್ತುತ್ತಿತ್ತು.

ನಾವು ಮೂವರು. ಅವ್ವ, ನಾನು, ತಂಗಿ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವ್ವ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಳ್ಳಾರಿ ರಸ್ತೆಯ ಒಂದು ಅಂಗಡಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದೆ. ತಂಗಿ ಕಾಲೇಜಿಗೆ ಹೋಗುತ್ತಿದ್ದಳು, ಅಥವಾ ಹೋಗುತ್ತೇನೆ ಎನ್ನುತ್ತಿದ್ದಳು. ಹಳೆಯ ಓಣಿಯೊಂದರಲ್ಲಿ ಒಂದು ಕೋಣೆಯ ಬಾಡಿಗೆ ಮನೆ ನಮ್ಮದು. ನಾನು ನಡೆಯಲು ಕಲಿತದ್ದು ಆ ಕೋಣೆಯಲ್ಲೇ ಅಂತೆ.

ಗಣಿ ಜೋರಾದ ಮೇಲೆ ಊರಿಗೆ ಎಲ್ಲೆಲ್ಲಿಂದಲೋ ಜನ ಬಂದರು. ಡ್ರೈವರ್‌ಗಳು, ಕ್ಲೀನರ್‌ಗಳು, ಮಷಿನ್ ಓಡಿಸುವವರು, ಲೆಕ್ಕ ಬರೆಯುವವರು. ಅವರಿಗೆಲ್ಲ ಮಲಗಲು ಜಾಗ ಬೇಕಿತ್ತು. ದನದ ಕೊಟ್ಟಿಗೆಗಳಿಗೂ ಶಟರ್ ಕೂರಿಸಿ ಬಾಡಿಗೆಗೆ ಕೊಟ್ಟರು. ನಮ್ಮ ಮನೆಯೊಡತಿ ಒಳ್ಳೆಯ ಹೆಂಗಸು. ಒಂದು ಬೆಳಿಗ್ಗೆ ಬಂದು ಬಾಗಿಲ ಕಟ್ಟೆಯ ಮೇಲೆ ಕೂತಳು.

"ನಾನೇನ್ ನಿಮ್ಮನ್ನ ಹೊರಗ ಹಾಕಾಕತ್ತಿಲ್ಲವ್ವಾ," ಎಂದಳು. "ನನ್ನ ಮಗ ಕೇಳವಲ್ಲ. ಆ ಕಂಪನಿಯೋರು ಹಗಲಿಲ್ಲ ರಾತ್ರಿಯಿಲ್ಲ ಬಂದು ನಿಂದರ್ತಾರ. ಯುಗಾದಿ ಮುಗಿಸಿಕೊಂಡು ಹೋಗ್ರಿ. ಬೇವು ಬೆಲ್ಲ ಇಲ್ಲೇ ತಿನ್ರಿ."

ಅವ್ವ ಆಕೆಗೆ ಚಹಾ ಮಾಡಿಕೊಟ್ಟಳು. ಆಕೆ ಅತ್ತಳೋ ಅವ್ವ ಅತ್ತಳೋ ಈಗ ನನಗೆ ಗೊತ್ತಿಲ್ಲ. ಯಾರೋ ಒಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಮಾತ್ರ ಖಂಡಿತ.

ನಗರಸಭೆ ಬೀಗ ಬಿದ್ದ ಆಶ್ರಯ ಮನೆಗಳನ್ನು ವಾಪಸು ತೆಗೆದುಕೊಂಡದ್ದು ಅದೇ ಹೊತ್ತಿಗೆ. ಸಂಡೂರಿನ ದಾರಿಯ ಕಡೆ, ಊರು ಮುಗಿದು ಕುರುಚಲು ಶುರುವಾಗುವಲ್ಲಿ, ಬಡವರಿಗೆಂದು ಕಟ್ಟಿ ಹಂಚಿದ ಮನೆಗಳ ಸಾಲುಗಳಿದ್ದವು. ಕೆಲವರು ಬಂದು ಉಳಿದರು. ಕೆಲವರು ಬೀಗ ಹಾಕಿಕೊಂಡು ಕೂಲಿ ಇರುವ ಊರಿಗೆ ಹೋದರು. ಬೀಗ ತುಕ್ಕು ಹಿಡಿಯಿತು, ತಗಡು ಹಾರಿಹೋಯಿತು, ಕಿಟಕಿಯ ಕಬ್ಬಿಣ ಮಾಯವಾಯಿತು. ನಗರಸಭೆಯವರು ಆ ಬಾಗಿಲುಗಳಿಗೆ ನೋಟಿಸು ಅಂಟಿಸಿ ಕಾದರು. ಯಾರೂ ಬಾರದ ಮನೆಗಳನ್ನು ತಾವೇ ತೆಗೆದು, ತಗಡು ಹೊದಿಸಿ, ಬಿರುಕು ಮುಚ್ಚಿ, ಸುಣ್ಣ ಹೊಡೆಸಿ, ಊರೊಳಗಿನ ಬಾಡಿಗೆದಾರರಿಗೆ ಚೀಟಿ ಎತ್ತಿ ಕೊಟ್ಟರು. ಅವ್ವನ ಹೆಸರು ಬಂತು. ಹೆಸರು ಕೂಗಿದಾಗ ಅವ್ವ ಪಕ್ಕದವಳನ್ನು, "ಯಾರದು?" ಎಂದು ಕೇಳಿದಳು.

ಕೀಲಿ ಕೊಟ್ಟವನು ಬಿಲ್ ಕಲೆಕ್ಟರ್. ಸೈಕಲ್ ಹ್ಯಾಂಡಲ್‌ಗೆ ಚೀಲ ತೂಗುಹಾಕಿಕೊಂಡು ನೀರಿನ ಬಿಲ್ಲು, ಮನೆ ಕಂದಾಯ ಎಂದು ಓಣಿ ಓಣಿ ತಿರುಗುವ ಮನುಷ್ಯ. ನಮಗೆಲ್ಲ ಮುಖ ಪರಿಚಯ.

"ನೋಡವ್ವಾ, ಇದೊಂದು ಮಾತು ಕಿವ್ಯಾಗ ಇಟ್ಕೋ," ಎಂದ. "ಬಾಗ್ಲ ತೆರೆದಿರಬೇಕು, ಒಲಿ ಹತ್ತಿರಬೇಕು, ನೀವು ಒಳಗಿರಬೇಕು. ಯಾವತ್ತಾರ ಬರ್ತೀನಿ. ಒಕ್ಕಲಾಗಿಲ್ಲ ಅಂತ ಕಂಡ್ರ ಸಾಹೇಬ್ರು ಮುಂದಿನ ಚೀಟಿಯೋರಿಗೆ ಕೊಟ್ಟುಬಿಡ್ತಾರ. ಮೊದ್ಲಿದ್ದಾಕಿದೂ ಹಂಗ ಹೋಗಿದ್ದು."

ಅವ್ವನ ತಲೆಗೆ ಹೊಕ್ಕಿದ್ದು ಕಡೆಯ ಮಾತು. ಮೊದಲಿದ್ದಾಕೆ. ಅದುವರೆಗೆ ಆ ಮನೆಯಲ್ಲಿ ಮೊದಲು ಒಬ್ಬಳು ಇದ್ದಳೆಂಬುದನ್ನು ನಾವು ಯೋಚಿಸಿಯೇ ಇರಲಿಲ್ಲ.

ನಾವು ಸಾಮಾನು ಹೇರಿಕೊಂಡು ಹೋದ ದಿನ ಅವ್ವ ದೀಪ ಹಿಡಿದು ಮುಂದೆ ನಿಂತಳು. ತಂಗಿಯ ಕೈಯಲ್ಲಿ ನೀರು ತುಂಬಿದ ತಂಬಿಗೆ. ನನ್ನ ಕೈಯಲ್ಲಿ ಅರಿಶಿನ, ಉಪ್ಪು, ಹಾಲಿನ ಪಾತ್ರೆ. ಹೊಸ ಮನೆಗೆ ಮೊದಲು ಹೋಗಬೇಕಾದದ್ದು ಉಪ್ಪು. ಉಳಿದ ಸಾಮಾನು ಆಮೇಲೆ. ಅವ್ವ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಗೋಡೆಯ ಗೂಡಿನಲ್ಲಿ ದೀಪ ಇಡಲು ಹೋದಳು. ಅಲ್ಲಿ ಒಂದು ಮಣ್ಣಿನ ಗಡಿಗೆ ಕೂತಿತ್ತು. ಮೇಲೊಂದು ಮುಚ್ಚಳ. ಮುಚ್ಚಳ ತೆಗೆದಳು. ಕಲ್ಲುಪ್ಪು.

ಅವ್ವ ಮುಚ್ಚಳವನ್ನು ಮೆಲ್ಲಗೆ, ಮಲಗಿದ ಕೂಸಿಗೆ ಹೊದಿಸುವ ಹಾಗೆ ಮುಚ್ಚಿದಳು. ದೀಪ ಹಿಡಿದುಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೊರಗೆ ಬಂದುಬಿಟ್ಟಳು.

"ಯಾಕವ್ವಾ?" ಎಂದೆ.

"ಮನಿ ಬಿಟ್ಟು ಹೋಗೋ ಹೆಣಮಗಳು ಉಪ್ಪಿನ ಗಡಿಗಿ ಬಿಟ್ಟು ಹೋಗಂಗಿಲ್ಲ. ಪಾತ್ರಿ ಬಿಡ್ತಾಳ, ಹಾಸಿಗಿ ಬಿಡ್ತಾಳ, ಉಪ್ಪು ಬಿಡಂಗಿಲ್ಲ. ಬಿಟ್ಟಾಳಂದ್ರ ತಿರುಗಿ ಬರ್ತಾಳಂತ ಅರ್ಥ."

"ಅಕಿ ಬರಾಂಗಿಲ್ಲ. ನಗರಸಭಿ ನಮಗ ಕೊಟ್ಟೈತಿ."

"ನಗರಸಭಿ ಗೋಡಿ ಕೊಡ್ತೈತಿ. ಒಲಿ ಕೊಡಾಕ ಅದಕ್ಕ ಬರಂಗಿಲ್ಲ. ಇನ್ನೊಬ್ಬಾಕಿ ಉಪ್ಪು ಕುಂತಿರೋ ಮನ್ಯಾಗ ನಾನು ಹಾಲು ಉಕ್ಕಿಸಾಕಿ ಅಲ್ಲ."

"ಹಂಗಾರ ಚೆಲ್ಲೋಣು," ಎಂದಳು ತಂಗಿ.

"ಚೆಲ್ಲಿ ನೋಡು. ನಿನ್ನ ಕೈ ಮುರೀತೀನಿ."

ಇದು ಹಟವಲ್ಲ. ಇದನ್ನು ಹೊರಗಿನವರಿಗೆ ಹೇಗೆ ಹೇಳುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ಸ್ವತಃ ಆ ದಿನವೇ ಒಂದು ಮನೆ ಬಿಟ್ಟು ಬಂದಿದ್ದಳು. ಬಿಡುವ ಬೆಳಿಗ್ಗೆ ಮೊದಲು ಕಟ್ಟಿದ್ದು ಉಪ್ಪಿನ ಗಡಿಗೆ. ತಾನು ಮಾಡಿದ್ದನ್ನೇ ಇನ್ನೊಬ್ಬಳು ಮಾಡಿಲ್ಲವೆಂದರೆ, ಅವಳನ್ನು ಕಟ್ಟಲು ಬಿಡದೆ ಹೊರಡಿಸಿದ್ದಾರೆ ಎಂದೇ ಅವ್ವ ತಿಳಿದಳು.

ಆ ಸಂಜೆ ಅವ್ವ ಮನೆಯ ಮುಂದೆ, ಬಯಲಿನಲ್ಲಿ, ಕಲ್ಲು ಹೂಡಿ ಅಡಿಗೆಗಿಟ್ಟಳು. ಸಾಮಾನೆಲ್ಲ ಗೋಡೆಗೆ ಒರಗಿಸಿದ್ದೆವು. ಹಾದುಹೋಗುವವರು ನಮ್ಮನ್ನು ನೋಡಿ, ಇವರನ್ನೂ ಹೊರಗೆ ಹಾಕಿದ್ದಾರೆ ಪಾಪ ಎಂದುಕೊಂಡಿರಬೇಕು. ಬಿಲ್ ಕಲೆಕ್ಟರ್ ಅದೇ ಹೊತ್ತಿಗೆ ಸೈಕಲ್ ಇಳಿದ.

"ಇದೇನವ್ವಾ, ವನಭೋಜನ ನಡಿಸೀಯೇನು?"

"ಒಳಗ ಬೇರೆಯೋರ ಉಪ್ಪು ಐತ್ರಿ ಸಾರ್."

ಆತ ಮೊದಲು ನಕ್ಕ. ಅವ್ವನ ಮುಖ ನೋಡಿ ನಗು ನಿಲ್ಲಿಸಿದ. ಒಳಗೆ ಹೋಗಿ, ಗಡಿಗೆಯನ್ನು ಇಣುಕಿ, ಕೈ ಹಚ್ಚದೆ ಹೊರಗೆ ಬಂದ. ಆತನ ಮನೆಯಲ್ಲೂ ಒಬ್ಬ ತಾಯಿ ಇದ್ದಿರಬೇಕು.

"ನನಗಂತೂ ಇದನ್ನ ಬರಿಯಾಕ ಬರಂಗಿಲ್ಲ," ಎಂದ. "ಉಪ್ಪಿನ ಸಲುವಾಗಿ ಒಕ್ಕಲಾಗಿಲ್ಲಂತ ಸಾಹೇಬ್ರಿಗೆ ಹೆಂಗ ಹೇಳ್ಲಿ? ನಾಳಿ ಮಧ್ಯಾಹ್ನ ಅವರ ಬರ್ತಾರ, ಈ ಸಾಲಿನ ಮನಿ ಎಲ್ಲಾ ನೋಡಾಕ. ಅಷ್ಟ್ರಾಗ ಏನರ ಮಾಡ್ಕೋ. ಹೊರಗ ಒಲಿ ಕಂಡ್ರ ನನ್ನ ಕೈಯಾಗ ಏನೂ ಇಲ್ಲ."

ಹಿಂದಿನ ಮನೆಗೆ ಆಗಲೇ ಡ್ರೈವರ್‌ಗಳು ಬಂದಿದ್ದರು. ಈ ಮನೆಯೂ ಹೋದರೆ ನಮಗೆ ಗೋಡೆಯೇ ಇರಲಿಲ್ಲ.

ಬೆಳಗಾಗುತ್ತಲೇ ಅವ್ವ ಪಕ್ಕದ ಮನೆಯ ಹೆಂಗಸನ್ನು ಹುಡುಕಿಕೊಂಡು ಹೋದಳು. ಆಕೆ ಗಾದಿಗನೂರಿನ ಕಡೆಯವಳು, ಕೂಲಿಗೆ ಹೊರಡಲು ಬುತ್ತಿ ಕಟ್ಟುತ್ತಿದ್ದಳು. ಅವ್ವ ಕೇಳಿದ್ದು ಒಂದೇ: ಈ ಮನೆಯಲ್ಲಿ ಮೊದಲಿದ್ದಾಕೆ ಈಗ ಎಲ್ಲಿದ್ದಾಳೆ? ಕಂಪ್ಲಿಯಲ್ಲಿ, ಹೊಳೆಯ ದಾರಿಯ ಅಕ್ಕಿ ಗಿರಣಿಯಲ್ಲಿ, ಎಂದಳು ಆಕೆ. ಅವ್ವ ಮತ್ತೇನೂ ಕೇಳಲಿಲ್ಲ. ಉಪ್ಪಿನ ಮಾತು ಎತ್ತಲು ನಾಚಿಕೆಯಾಯಿತಂತೆ, ಬಂದ ಮರುದಿನವೇ ನೆರೆಯವರ ಮುಂದೆ.

ತಂಗಿಗೆ ಬಾಗಿಲು ತೆರೆದು ಕೂರಲು ಹೇಳಿ ನಾವಿಬ್ಬರೂ ಕಂಪ್ಲಿಯ ಬಸ್ಸು ಹತ್ತಿದೆವು. ಕಮಲಾಪುರ ದಾಟಿದ ಮೇಲೆ ದಾರಿ ಹಸಿರು. ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಲೇ, "ಅಕಿ ಅತ್ತರ ಏನ್ ಮಾಡೋದು?" ಎಂದಳು.

"ಅತ್ತರ?"

"ಕೀಲಿ ವಾಪಸ್ ಕೊಡೋದು," ಎಂದಳು ಅವ್ವ. ಆಗಲೇ ತೀರ್ಮಾನಿಸಿದ್ದಾಳೆಂದು ಗೊತ್ತಾಯಿತು.

ಗಿರಣಿಯ ಅಂಗಳದ ತುಂಬ ಬೇಯಿಸಿದ ಭತ್ತ ಹರಡಿತ್ತು. ಹೆಂಗಸರು ಸಾಲಾಗಿ ಕಾಲಿನಿಂದ ಗೀರುತ್ತಾ ಅದನ್ನು ತಿರುವುತ್ತಿದ್ದರು. ನಡೆಯುವುದೂ ಅದೇ, ಕೆಲಸವೂ ಅದೇ. ಹಬೆಯ ವಾಸನೆ. ನಾವು ಕೇಳಿದಾಗ ಅವರಲ್ಲಿ ಒಬ್ಬಳು ನಿಂತಳು. ನನಗಿಂತ ಸ್ವಲ್ಪ ದೊಡ್ಡವಳು, ತಲೆಗೆ ಟವೆಲ್ಲು ಸುತ್ತಿದ್ದಳು.

"ನಗರಸಭಿಯಿಂದ ಬಂದೀರೇನ್ರಿ?" ಎಂದಳು, ಸೊಂಟಕ್ಕೆ ಕೈಯಿಟ್ಟು. "ಮನಿ ತಗೊಂಡಾತಲ್ಲ, ಇನ್ನೇನ್ ಉಳದೈತಿ?"

"ಅಲ್ಲವ್ವಾ. ನಿನ್ನ ಮನಿಗೆ ಬಂದಿರೋದು ನಾವು," ಎಂದಳು ಅವ್ವ. "ನಿನ್ನ ಉಪ್ಪು ಅಲ್ಲೇ ಉಳದೈತಿ. ನೀ ತಿರುಗಿ ಬರ್ತೀಯೇನು ಕೇಳಾಕ ಬಂದ್ವಿ."

ಆಕೆಗೆ ಅರ್ಥವಾಗಲಿಲ್ಲ. ಅವ್ವ ಗಡಿಗೆ, ಗೂಡು, ಮುಚ್ಚಳ ಎಲ್ಲ ಹೇಳಿದಳು. ಆಕೆ ಕೇಳುತ್ತಾ ಕೇಳುತ್ತಾ ಬಾಯಿಗೆ ಟವೆಲ್ಲಿನ ತುದಿ ಒತ್ತಿಕೊಂಡಳು. ಅವ್ವನ ಮುಖ ಬಿಳಿಚಿತು, ಅಳುತ್ತಾಳೆಂದುಕೊಂಡು. ಆಕೆ ನಗುತ್ತಿದ್ದಳು.

"ಲೇ, ಬರ್ರಿಲ್ಲಿ!" ಎಂದು ಉಳಿದವರನ್ನು ಕೂಗಿದಳು. "ಈ ಯಕ್ಕ ಹೊಸಪ್ಯಾಟಿಯಿಂದ ಉಪ್ಪು ಕೇಳಾಕ ಬಂದಾಳ!"

"ಅಲ್ಲೇನು ಉಪ್ಪು ಸಿಗಂಗಿಲ್ಲೇನ್ರಿ?" ಎಂದಳು ಇನ್ನೊಬ್ಬಳು. "ಎಲ್ಲಾರೂ ಅದಿರ ತಿಂತೀರೇನು?"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಆಗ ಟವೆಲ್ಲಿನಾಕೆ ನಗು ತಡೆದುಕೊಂಡು ಅವ್ವನ ಮೊಣಕೈ ಹಿಡಿದು ನೆರಳಿಗೆ ಕರೆದೊಯ್ದಳು. ಗಿರಣಿಯವರು ಕೊಟ್ಟ ಕೋಣೆಯ ಮುಂದೆ ಕೂರಿಸಿದಳು.

"ನನ್ನ ಉಪ್ಪಿನ ಗಡಿಗಿ ಇಲ್ಲೈತಿ ನೋಡಕ್ಕಾ," ಎಂದು ಒಳಗಿನಿಂದ ತಂದು ತೋರಿಸಿದಳು. "ಬಿಟ್ಟಿಲ್ಲ. ಆ ಮನ್ಯಾಗ ನಾನು ಇದ್ದದ್ದ ಒಂದು ಮಳಿಗಾಲ. ಅಲ್ಲಿ ನನಗ ಕೂಲಿ ಸಿಗಲಿಲ್ಲ, ನೀರಿಗಂತ ಅಷ್ಟು ದೂರ. ಬೀಗ ಹಾಕ್ಕೊಂಡು ಬಂದೆ. ತಿರುಗಿ ಹೋಗಾಂಗಿಲ್ಲ ಅಂತ ನನಗೂ ಗೊತ್ತಿತ್ತು. ಸುಮ್ನ ಬೀಗ ಇರಲಿ ಅಂತ."

"ಹೊಟ್ಟ್ಯಾಗ ಸಂಕಟ ಇಲ್ಲೇನು?"

ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ನಮ್ಮ ಮನೆ ಆ ಬಾಯಿಯೊಳಗಿತ್ತು.

"ನೋಟೀಸ್ ಹಚ್ಯಾರಂತ ಕೇಳಿದಾಗ ಆತು. ಸುಳ್ಯಾಕ ಹೇಳ್ಲಿ? ಒಂದಿನ ಉಣ್ಣಲಿಲ್ಲ. ಆಮ್ಯಾಲ ನೋಡಿದ್ರ ನನಗ ಸಂಕಟ ಆಗಿದ್ದು ಮನಿ ಹೋತಂತ ಅಲ್ಲ, ಬಿಟ್ಟಿದ್ದಕ್ಕ ಬೈತಾರಂತ. ಯಾರೂ ಬೈಲಿಲ್ಲ." ಗಡಿಗೆಯ ಮುಚ್ಚಳ ಮುಚ್ಚಿ, "ನೀವು ಇರ್ರಿ. ಬಾಗ್ಲ ಹಾಕುವಾಗ ಒಂಚೂರು ಎತ್ತಿ ತಳ್ರಿ, ಇಲ್ಲಾಂದ್ರ ಚಿಲಕ ಬೀಳಂಗಿಲ್ಲ. ಮಳಿ ಬಂದ್ರ ಮೂಡಣ ಗ್ವಾಡಿಗೆ ಏನೂ ಒರಗಿಸಬ್ಯಾಡ್ರಿ, ಒದ್ದಿ ಆಗತೈತಿ," ಎಂದಳು.

ಹೀಗೆ ಒಂದು ಮನೆಯನ್ನು ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೂ ನೋಡಿಲ್ಲ.

ಏಳುವಾಗ ಅವಳು ತನ್ನ ಗಡಿಗೆಯಿಂದ ಒಂದು ಹಿಡಿ ಉಪ್ಪು ತೆಗೆದು ಕಾಗದದ ಮೇಲಿಟ್ಟು, ಕಾಗದವನ್ನು ನೆಲದ ಮೇಲಿಟ್ಟಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ. ಅವ್ವ ನೆಲದಿಂದ ಎತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಇಲ್ಲಿ ಒಂದು ತಕರಾರಿದೆ. ಅವ್ವನ ಸೆರಗಿನಲ್ಲಿ ಉಪ್ಪಿರಲಿಲ್ಲ, ನೀವು ತಂದದ್ದು ಮಂಡಕ್ಕಿ, ಎನ್ನುತ್ತಾಳೆ ತಂಗಿ. ನಾವು ಮಂಡಕ್ಕಿಯನ್ನೂ ತಂದಿದ್ದೆವು. ಉಪ್ಪಿಲ್ಲದಿದ್ದರೆ ಈ ಕಥೆ ಇಷ್ಟು ಅಚ್ಚುಕಟ್ಟಾಗಿ ಕೂಡುವುದಿಲ್ಲ, ಅದಕ್ಕೇ ನನಗೂ ಅನುಮಾನ. ಆದರೆ ನೆಲದ ಮೇಲಿದ್ದ ಕಾಗದ ಮಾತ್ರ ನನ್ನ ಕಣ್ಣ ಮುಂದಿದೆ, ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು.

ಬಸ್ಸು ಊರಿನ ಹತ್ತಿರ ಬಂದು ನಿಂತುಬಿಟ್ಟಿತು. ಮುಂದೆ ಅದಿರಿನ ಲಾರಿಗಳ ಸಾಲು, ಕಣ್ಣು ಹರಿಯುವವರೆಗೆ. ಯಾವುದೋ ಲಾರಿ ಅಡ್ಡ ಬಿದ್ದಿದೆ ಎಂದರು. ಡ್ರೈವರ್‌ಗಳು ಇಳಿದು ಇಸ್ಪೀಟಾಡುತ್ತಿದ್ದರು. ಸೂರ್ಯ ನೆತ್ತಿಗೆ ಬರುತ್ತಿದ್ದ. ಅವ್ವ ಕಂಡಕ್ಟರ್‌ಗೆ ಹೇಳದೆ ಇಳಿದಳು. ನಾನು ಹಿಂದೆ. ಲಾರಿಗಳ ಮಗ್ಗುಲಿನಲ್ಲಿ, ಚರಂಡಿಯ ಅಂಚಿನಲ್ಲಿ ನಡೆದೆವು, ಅರ್ಧ ಓಡಿದೆವು. ಕೆಲವು ಲಾರಿಗಳ ಮೇಲೆ ತಾಡಪತ್ರಿಯೇ ಇರಲಿಲ್ಲ. ಒಂದರ ಮೇಲಿದ್ದದ್ದು ನಾನೇ ಹೊಲಿದದ್ದು. ಮೂಲೆಯ ಗಂಟು ನನ್ನದೇ. ಬೇರೆ ದಿನವಾದರೆ ಅವ್ವನಿಗೆ ತೋರಿಸುತ್ತಿದ್ದೆ.

ಮನೆ ಮುಟ್ಟಿದಾಗ ಬಾಗಿಲ ಮುಂದೆ ಜನ ನಿಂತಿದ್ದರು. ಆಯಿತು, ಸಾಹೇಬರು ಬಂದು ಹೋದರು ಎಂದುಕೊಂಡೆ. ಅವರು ಇನ್ನೂ ಬಂದಿರಲಿಲ್ಲ. ನಿಂತದ್ದು ನೆರೆಯವರು. ನಡುವೆ ತಂಗಿ ನಾಲಿಗೆ ಹೊರಗೆ ಚಾಚಿಕೊಂಡು ಕೂತಿದ್ದಳು. ಕೂಲಿ ಸಿಗದೆ ಮರಳಿ ಬಂದಿದ್ದ ಗಾದಿಗನೂರಿನ ಆ ಪಕ್ಕದ ಮನೆಯಾಕೆ ತಂಗಿಯ ನಾಲಿಗೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ನಡೆದದ್ದು ಇಷ್ಟು. ಹಸಿವಾಗಿ ತಂಗಿ ಹೊರಗಿನ ಒಲೆಯಲ್ಲಿ ಸಾರು ಮಾಡಿದ್ದಳು. ನಮ್ಮ ಉಪ್ಪನ್ನು ಅವ್ವ ರಾತ್ರಿ ಯಾವ ಗಂಟಿನಲ್ಲಿ ಕಟ್ಟಿಟ್ಟಿದ್ದಳೋ ಸಿಗಲಿಲ್ಲ. ಗೂಡಿನ ಗಡಿಗೆಯಿಂದ ಒಂದು ಹರಳು ತೆಗೆದು, ಉಪ್ಪು ಹೌದೋ ಅಲ್ಲವೋ ನೋಡಲು ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರ್ ಎಂದಿತು. ಕೂಗಿಕೊಂಡಳು. ಪಕ್ಕದಾಕೆ ಓಡಿಬಂದು ಗಡಿಗೆ ನೋಡಿ ಹಣೆ ಚಚ್ಚಿಕೊಂಡಳು.

"ಇದು ಸುಣ್ಣದೋರ ಉಪ್ಪವ್ವಾ!" ಎಂದು ಈಗ ಅವ್ವನಿಗೆ ಹೇಳಿದಳು. "ಸುಣ್ಣ ಮೈಗೆ ಹತ್ತಬಾರ್ದಂತ ಕಲಸಾಕ ತಂದಿದ್ರು. ಉಳಿದಿದ್ದು ಗೂಡಿನಾಗ ಇಟ್ಟು ಹೋಗ್ಯಾರ. ಸುಣ್ಣದ ಕೈ ಅದರಾಗ ಎಷ್ಟು ಸಲ ಅದ್ದ್ಯಾರೋ ಏನೋ. ಗಡಿಗಿ ನಂದು. ಕಡ ಒಯ್ದಿದ್ರು. ನಾನು ಎಲ್ಲಿ ಹೋತಂತ ಹುಡುಕಾಕತ್ತಿದ್ದೆ!"

"ಮುಂಜಾನಿ ಹೇಳಬಾರ್ದೇನು?" ಎಂದಳು ಅವ್ವ, ಏದುಸಿರು ಬಿಡುತ್ತಾ.

"ಮುಂಜಾನಿ ನೀ ಅಕಿ ಎಲ್ಲ್ಯದಾಳ ಅಂತ ಕೇಳಿದಿ. ಉಪ್ಪು ಯಾರದು ಅಂತ ಕೇಳಿದೇನು?"

ಅವ್ವ ನೆಲಕ್ಕೆ ಕೂತಳು. ಆಮೇಲೆ ನಕ್ಕಳು. ಕಂಪ್ಲಿಯ ಅಂಗಳದಲ್ಲಿ ನಗದೇ ಉಳಿದದ್ದೆಲ್ಲ ಆಗ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಂಗಿ, ನಾಲಿಗೆ ಹೊರಗೇ ಇಟ್ಟುಕೊಂಡು, ಬೈಯಲು ನೋಡಿದಳು; ಅದು ಇನ್ನಷ್ಟು ನಗು ತಂದಿತು.

ಪಕ್ಕದಾಕೆ ತನ್ನ ಗಡಿಗೆ ಎತ್ತಿಕೊಂಡು ಹೋದಳು. ಅವ್ವ ಮತ್ತೆ ದೀಪ ಹಚ್ಚಿದಳು. ಮತ್ತೆ ಬಲಗಾಲು. ಗೂಡಿನಲ್ಲಿ ನಮ್ಮ ಉಪ್ಪು, ಅದರ ಮೇಲೆ ಕಂಪ್ಲಿಯ ಉಪ್ಪು (ಇದ್ದಿದ್ದರೆ). ಹಾಲು ನಿನ್ನೆಯದು ಒಡೆದಿತ್ತು, ಬೇರೆ ತಂದೆವು. ಹೊರಗಿನ ಕಲ್ಲುಗಳನ್ನು ಒಳಗೆ ತಂದು ಹೂಡಿ ಒಲೆ ಹತ್ತಿಸಿದಳು. ಹಾಲು ಉಕ್ಕಿ, ಮೂಡಣಕ್ಕೆ ಹರಿದು, ಬೂದಿಯಲ್ಲಿ ಚುಂಯ್ ಎಂದಿತು. ಅವ್ವ ಅದನ್ನು ನೋಡುತ್ತಾ ನಿಂತಳು. ಆಮೇಲೆ ಹೊಸ ಗೋಡೆಯ ಮಗ್ಗುಲಿಗೆ ಸೆರಗು ಹಾಸಿಕೊಂಡು, "ಒಂಚೂರು ಬೆನ್ನು ಚಾಚ್ತೀನಿ," ಎಂದು ಮಲಗಿದಳು. ಮಲಗಿದ್ದೇ ತಡ, ಗೊರಕೆ.

ಅವ್ವ ಹಗಲು ಮಲಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂರುತ್ತಿದ್ದಳೇ ಹೊರತು ಮಲಗುತ್ತಿರಲಿಲ್ಲ. ಒಡತಿ ಯಾವ ಹೊತ್ತಿನಲ್ಲಿ ಬರುತ್ತಾಳೋ, ಮಲಗಿದ್ದು ಕಂಡರೆ ಏನೆಂದುಕೊಳ್ಳುತ್ತಾಳೋ ಎಂದು.

ಸಾಹೇಬರು ಬಂದದ್ದು ಆಗ. ಮುಂದೆ ಬಿಲ್ ಕಲೆಕ್ಟರ್, ಹಿಂದೆ ಅವರು, ಬೂಟಿನ ತುಂಬ ಕೆಂಪು ಧೂಳು. (ಇಲ್ಲ, ಆ ಧೂಳನ್ನು ನಾನು ಈಗ ಬಳಿದೆ.) ನಾನು ಅವ್ವನನ್ನು ಎಬ್ಬಿಸಲು ಬಗ್ಗಿದೆ. ಬಿಲ್ ಕಲೆಕ್ಟರ್ ಹೊರಗಿನಿಂದಲೇ ಕೈ ಎತ್ತಿ ತಡೆದ. ಆತ ಮೊದಲು ಗೂಡನ್ನು ನೋಡಿದ. ಅಲ್ಲಿ ನಮ್ಮ ದೀಪ ಉರಿಯುತ್ತಿತ್ತು. ಆತನ ಹೆಗಲು ಕೆಳಗಿಳಿಯಿತು.

"ಇವರ ಮನಿಯೇನಯ್ಯಾ ಇದು?" ಎಂದರು ಸಾಹೇಬರು. "ಒಕ್ಕಲಾಗ್ಯಾರೇನು?"

"ಗೊರಕಿ ಕೇಳ್ರಿ ಸಾರ್," ಎಂದ ಬಿಲ್ ಕಲೆಕ್ಟರ್ ಸಣ್ಣ ದನಿಯಲ್ಲಿ. "ಬಾಡಿಗಿ ಮನ್ಯಾಗ ಯಾರರ ಹಿಂಗ ಮಕ್ಕೊಂತಾರೇನ್ರಿ?"

ಸಾಹೇಬರು ಒಮ್ಮೆ ಇಣುಕಿದರು. ಕೈಯಲ್ಲಿದ್ದ ಕಾಗದದ ಮೇಲೆ ಏನೋ ಗೀಚಿದರು. ಹೋಗುವಾಗ ತಾವೇ ಬಾಗಿಲು ಮುಂದೆ ಮಾಡಲು ನೋಡಿದರು. ಹೆಂಗಸೊಬ್ಬಳು ಮಲಗಿದ್ದಾಳೆಂಬ ಮರ್ಯಾದೆಗೆ ಇರಬೇಕು. ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತು.

"ಒಂಚೂರು ಎತ್ತಿ ತಳ್ರಿ ಸಾರ್," ಎಂದೆ ನಾನು.

ಎತ್ತಿ ತಳ್ಳಿದರು. ಬಾಗಿಲು ಮುಚ್ಚಿತು. ಒಳಗೆ ಸುಣ್ಣದ ವಾಸನೆ, ಸುಟ್ಟ ಹಾಲಿನ ವಾಸನೆ, ಕತ್ತಲೆಯಲ್ಲದ ಒಂದು ಮಬ್ಬು. ತಂಗಿ ನಾಲಿಗೆಯನ್ನು ಒಳಗೆಳೆದುಕೊಂಡು, ಸಾರಿಗೆ ಈಗಲಾದರೂ ಉಪ್ಪು ಹಾಕು ಎಂದು ಸನ್ನೆ ಮಾಡಿದಳು. ನಾನು ಗೂಡಿಗೆ ಕೈ ಚಾಚಿದೆ.